ಬಚ್ಚಲೊಲೆ ಆರಿದ ಮೇಲೆ

ಐದಡಿ ಅಗಲ, ಏಳಡಿ ಉದ್ದ, ಎಂಟಡಿ ಎತ್ತರದ ಒಂದು ಬಾತ್‌ರೂಮು. ಬಾಗಿಲು ಹಾಕಿಕೊಂಡು ಬಿಸಿನೀರು ಮೀಯುವಾಗ ಒಳಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಹಬೆಯಿಂದ ತುಂಬುತ್ತದೆ. ಆ ಶಾಖದಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರು ಹೊರಬಲ್ಲದು. 20 ಡಿಗ್ರಿಗೆ ತಣಿದರೆ ಹೊರುವುದು 17 ಗ್ರಾಂ ಮಾತ್ರ. ಮಿಕ್ಕದ್ದು ಟೈಲ್ಸು, ಕನ್ನಡಿ, ತಾರಸಿಯ ಒಳಮೈಯಲ್ಲಿ ಹನಿಯಾಗಿ ಕೂರುತ್ತದೆ. ಇಷ್ಟು ಪುಟ್ಟ ಕೋಣೆಯಲ್ಲೂ ಅದು ನೂರು ಗ್ರಾಂ, ಅಂದರೆ ಅರ್ಧ ಲೋಟ ನೀರು. ಗೋಡೆಗೆ ನೇರವಾಗಿ ಸಿಡಿದ ನೀರು ಈ ಲೆಕ್ಕಕ್ಕೆ ಸೇರಿಲ್ಲ. ಮನೆಯ ನಾಲ್ಕು ಮಂದಿ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿದರೆ ಮಧ್ಯಾಹ್ನವಾದರೂ ಗೋಡೆ ಒಣಗುವುದಿಲ್ಲ.

ಬೂಷ್ಟಿಗೆ ಬೇಕಾದದ್ದು ಈ ತೇವವೇ. ಅದರ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇವೆ, ಅವನ್ನು ತಡೆಯುವ ಕಿಟಕಿಯಿಲ್ಲ. ಸೋಪಿನ ಜಿಡ್ಡು, ಶಾಂಪೂವಿನ ನೊರೆ, ಮೈಯಿಂದ ಉದುರಿದ ಚರ್ಮದ ಹೊಟ್ಟು ಅದಕ್ಕೆ ಊಟ. ನೆನೆದ ಜಾಗ ಒಂದೆರಡು ದಿನ ಒಣಗದಿದ್ದರೆ ಬೀಜಕಣ ಮೊಳೆಯುತ್ತದೆ. ಟೈಲ್ಸಿನ ಸಂದಿಯಲ್ಲಿ ಕಾಣುವ ಕಪ್ಪು ಚುಕ್ಕೆಗಳು ಹೆಚ್ಚಾಗಿ ಕ್ಲಾಡೋಸ್ಪೋರಿಯಂ, ಆರಿಯೋಬೆಸಿಡಿಯಂ ಜಾತಿಯ ಶಿಲೀಂಧ್ರಗಳು. ಬಕೆಟ್ಟಿನ ಅಂಚಿನಲ್ಲಿ, ಸೋಪಿನ ಪೆಟ್ಟಿಗೆಯ ತಳದಲ್ಲಿ ಕಾಣುವ ತಿಳಿಗುಲಾಬಿ ಲೋಳೆ ಮಾತ್ರ ಬೂಷ್ಟಲ್ಲ. ಅದು ಸಾಮಾನ್ಯವಾಗಿ ಸೆರಾಷಿಯಾ ಎಂಬ ಬ್ಯಾಕ್ಟೀರಿಯಾ.

ಮಲೆನಾಡಿನ ಹಳೆಯ ಬಚ್ಚಲುಮನೆಯಲ್ಲಿ ನೀರಿಗೇನೂ ಬರವಿರಲಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಮೀರಿ ಮಳೆ ಸುರಿಯುತ್ತದೆ. ಆಷಾಢದಲ್ಲಿ ಅಲ್ಲಿ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು. ಆದರೆ ಆ ಬಚ್ಚಲಲ್ಲಿ ಹಂಡೆಯಿತ್ತು, ಹಂಡೆಯಡಿ ಒಲೆಯಿತ್ತು. ಬೆಳಗಿನ ಜಾವ ಸೋಗೆ, ಅಡಕೆಸಿಪ್ಪೆ, ಕುಂಟೆ ತುರುಕಿ ಹಚ್ಚಿದ ಬೆಂಕಿ ಕೆಂಡವಾಗಿ ಬಹಳ ಹೊತ್ತು ಕೋಣೆಯನ್ನು ಬೆಚ್ಚಗಿಡುತ್ತಿತ್ತು. ಹೆಂಚಿನ ಸಂದಿಯಿಂದ ಹಬೆ ಹೊರಗೆ ಹೋಗುತ್ತಿತ್ತು. ಮಳೆಗಾಲದಲ್ಲಿ ಮಕ್ಕಳ ಬಟ್ಟೆ ಒಣಗುತ್ತಿದ್ದುದೂ ಅದೇ ಒಲೆಯ ಮೇಲಿನ ಹಗ್ಗದಲ್ಲಿ. ಆ ಹೊಗೆ ಹೆಂಗಸರ ಕಣ್ಣನ್ನೂ ಎದೆಯನ್ನೂ ಸುಟ್ಟಿದೆ, ಹಾಗಾಗಿ ಅದು ಮರಳಿ ಬರಲಿ ಎಂದು ಯಾರೂ ಬಯಸಬಾರದು. ಆದರೆ ಗೀಸರ್ ಬಂದಾಗ ನೀರು ಕಾಯಿಸುವ ಕೆಲಸವನ್ನಷ್ಟೇ ಅದಕ್ಕೆ ಒಪ್ಪಿಸಿದೆವು. ಕೋಣೆ ಒಣಗಿಸುವ ಒಲೆಯ ಇನ್ನೊಂದು ಕೆಲಸವನ್ನು ಯಾರೂ ವಹಿಸಿಕೊಳ್ಳಲಿಲ್ಲ.

ಬಂದಿರುವ ಬೂಷ್ಟನ್ನು ತೆಗೆಯುವುದು ಕಷ್ಟವಲ್ಲ. ಒಣಗಿದ್ದಾಗ ಉಜ್ಜಬಾರದು, ಬೀಜಕಣ ಮನೆ ತುಂಬ ಹಾರುತ್ತವೆ. ಮೊದಲು ಒದ್ದೆ ಮಾಡಿ, ಸೋಪುಪುಡಿಯ ನೀರಿನಲ್ಲಿ ಗಟ್ಟಿ ಬ್ರಷ್ಷಿನಿಂದ ತಿಕ್ಕಿದರೆ ಟೈಲ್ಸಿನ ಮೇಲಿನದು ಬಹುಪಾಲು ಹೋಗುತ್ತದೆ. ಸಂದಿಯ ಕಲೆ ಉಳಿದರೆ, ಅಂಗಡಿಯಲ್ಲಿ ಸಿಗುವ ದ್ರವ ಬ್ಲೀಚನ್ನು ಲೀಟರ್ ನೀರಿಗೆ 60 ಮಿ.ಲೀ. ಮೀರದಂತೆ ಬೆರೆಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಕೈಗೆ ಗ್ಲೌಸ್ ಇರಲಿ, ಕಿಟಕಿ ಬಾಗಿಲು ತೆರೆದಿರಲಿ. ಮನೆಯಲ್ಲಿ ಉಬ್ಬಸದವರಿದ್ದರೆ ಈ ಕೆಲಸ ಅವರಿಗೆ ಬೇಡ. ವಿನೆಗರ್ ಟೈಲ್ಸಿಗೆ ಆದೀತು, ಅಮೃತಶಿಲೆಯನ್ನು ಮಾತ್ರ ತಿಂದುಹಾಕುತ್ತದೆ. ವಾಷ್‌ಬೇಸಿನ್ನಿನ ಅಂಚಿನ ಸಿಲಿಕೋನ್ ಒಳಗಿನಿಂದಲೇ ಕಪ್ಪಾಗಿದ್ದರೆ ಉಜ್ಜಿ ಫಲವಿಲ್ಲ, ಬ್ಲೇಡಿನಿಂದ ಕೆತ್ತಿ ಹೊಸದು ತುಂಬಬೇಕು.

ಇಲ್ಲೊಂದು ಮಾತನ್ನು ಒತ್ತಿ ಹೇಳಲೇಬೇಕು. ಬ್ಲೀಚ್ ಹಾಕಿದ ನೆಲಕ್ಕೆ ಟಾಯ್ಲೆಟ್ ಕ್ಲೀನರನ್ನಾಗಲಿ, ಬಾಟಲಿಯ ಆಸಿಡ್ಡನ್ನಾಗಲಿ, ವಿನೆಗರನ್ನಾಗಲಿ ಸುರಿಯಬಾರದು. ಹೆಚ್ಚಿನ ಟಾಯ್ಲೆಟ್ ಕ್ಲೀನರುಗಳಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಅದು ಬ್ಲೀಚನ್ನು ಕೂಡಿದರೆ ಹೊರಡುವುದು ಕ್ಲೋರಿನ್ ಅನಿಲ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಜರ್ಮನ್ ಸೇನೆ ಎದುರಾಳಿಗಳ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಎರಡನ್ನೂ ಸೇರಿಸಿದರೆ ಚೆನ್ನಾಗಿ ಬೆಳ್ಳಗಾಗುತ್ತದೆಂಬ ನಂಬಿಕೆಯಿಂದ ಮುಚ್ಚಿದ ಬಾತ್‌ರೂಮಿನಲ್ಲಿ ಬಗ್ಗಿ ಉಜ್ಜುವವರಿಗೆ ಇದು ಗೊತ್ತಿರಬೇಕು. ಮನೆಕೆಲಸಕ್ಕೆ ಬರುವವರಿಗೂ ಹೇಳಬೇಕು.

ಇನ್ನು ಬೂಷ್ಟಿನ ಮೇಲೆಯೇ ಬಣ್ಣ ಬಳಿಯುವುದು. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಒಂದು ಬಾಡಿಗೆ ಫ್ಲ್ಯಾಟಿನ ಬೂಷ್ಟಿನ ಬಗ್ಗೆ ತಂದೆಯೊಬ್ಬರು ದೂರು ಕೊಟ್ಟಾಗ ಸಿಕ್ಕ ಉತ್ತರವೂ ಅದೇ: ಬಣ್ಣ ಬಳಿಯಿರಿ. 2020ರ ಡಿಸೆಂಬರಿನಲ್ಲಿ ಅವರ ಎರಡು ವರ್ಷದ ಮಗ ಅವಾಬ್ ಇಷಾಕ್ ಉಸಿರಾಟದ ತೊಂದರೆಯಿಂದ ತೀರಿಕೊಂಡ. ಮನೆಯ ಬೂಷ್ಟನ್ನು ಬಹುಕಾಲ ಉಸಿರಾಡಿದ್ದೇ ಸಾವಿಗೆ ಕಾರಣ ಎಂದು 2022ರಲ್ಲಿ ಮರಣ ವಿಚಾರಣಾಧಿಕಾರಿ ತೀರ್ಮಾನಿಸಿದರು. ಸಾಮಾಜಿಕ ವಸತಿಯ ಮಾಲೀಕರು ಗಡುವಿನೊಳಗೆ ಬೂಷ್ಟನ್ನು ಪರೀಕ್ಷಿಸಿ ಸರಿಪಡಿಸಬೇಕೆಂಬ ಅಲ್ಲಿನ ನಿಯಮಕ್ಕೆ ಈಗ ಆ ಮಗುವಿನ ಹೆಸರೇ ಇದೆ. ಬಾತ್‌ರೂಮಿನ ನಾಲ್ಕು ಚುಕ್ಕೆ ಕಂಡು ಹೆದರಬೇಕಾಗಿಲ್ಲ. ಗೋಡೆಯೇ ಹಸಿಯಾಗಿ ಮತ್ತೆ ಮತ್ತೆ ಕಪ್ಪಾಗುತ್ತಿದ್ದರೆ, ಒಳಗಿನ ಪೈಪು ಸೋರುತ್ತಿದೆಯೇ, ಮೇಲಿನ ಮನೆಯ ನೀರು ಇಳಿಯುತ್ತಿದೆಯೇ ಎಂದು ನೋಡದೆ ಬಿಡಬಾರದು.

ಹಿಂದಿನವರು ವರ್ಷಕ್ಕೊಮ್ಮೆ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಹೊಸ ಸುಣ್ಣ ಬಲು ಕ್ಷಾರ, ಅದರ ಮೇಲೆ ಬೂಷ್ಟು ಮೊಳೆಯುವುದು ಕಷ್ಟ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರುತ್ತ ಆ ಕ್ಷಾರ ಕುಗ್ಗುತ್ತದೆ, ಅದಕ್ಕೇ ಮರುವರ್ಷ ಮತ್ತೆ ಬಳಿಯಬೇಕು. ಟೈಲ್ಸು ಮುಟ್ಟದ ಮೇಲುಗೋಡೆಗೆ ಸುಣ್ಣ ಈಗಲೂ ಒಳ್ಳೆಯದೇ.

ದಿನದ ಕೆಲಸ ಇದಕ್ಕಿಂತ ಹಗುರ. ಕೊನೆಗೆ ಮಿಂದವರು ವೈಪರಿನಿಂದ ಗೋಡೆಯನ್ನೂ ನೆಲವನ್ನೂ ಎಳೆದುಬಿಟ್ಟರೆ ಒಣಗಬೇಕಾದ ನೀರಿನ ಬಹುಪಾಲು ಎರಡು ನಿಮಿಷದಲ್ಲಿ ಕೊಳವೆ ಸೇರುತ್ತದೆ. ಹೊರಗಿನ ಗಾಳಿಯೇ ತೊಯ್ದಿರುವ ಜುಲೈ ತಿಂಗಳಲ್ಲಿ ಕಿಟಕಿ ತೆರೆದದ್ದಷ್ಟೇ ಸಾಲದು, ಈ ಎಳೆತವೇ ಗಟ್ಟಿ ಉಪಾಯ. ಒದ್ದೆ ಟವೆಲ್ಲು, ಕಾಲೊರಸುವ ಬಟ್ಟೆ ಹೊರಗೆ ಬರಲಿ. ಎಕ್ಸಾಸ್ಟ್ ಫ್ಯಾನು ಸ್ನಾನವಾದ ಮೇಲೂ ಇಪ್ಪತ್ತು ನಿಮಿಷ ತಿರುಗಲಿ. ಬಾಗಿಲಡಿ ಬೆರಳು ತೂರುವಷ್ಟು ಸಂದಿ ಇರಲಿ, ಇಲ್ಲದಿದ್ದರೆ ಫ್ಯಾನಿಗೆ ಎಳೆಯಲು ಗಾಳಿಯೇ ಸಿಗದು.

ಅಡಕೆ ಬೆಳೆಗಾರರು ಕೊಳೆರೋಗ ಬರುವವರೆಗೆ ಕಾಯುವುದಿಲ್ಲ. ಮಳೆ ಹಿಡಿಯುವ ಮೊದಲೇ ಸುಣ್ಣ, ಮೈಲುತುತ್ತ ಕಲಸಿ ಗೊನೆಗೆ ಬೋರ್ಡೋ ಹೊಡೆಯುತ್ತಾರೆ. ಬಾತ್‌ರೂಮಿನ ಫ್ಯಾನನ್ನು ಬಿಚ್ಚಿ ಧೂಳು ಒರೆಸಲು ಆ ದಿನಗಳೇ ಸರಿ. ಒರೆಸಿ ಚಾಲು ಮಾಡಿ, ಅದರ ಜಾಲರಿಗೆ ಒಂದು ತೆಳು ಕಾಗದ ಹಿಡಿದು ಕೈಬಿಟ್ಟು ನೋಡಬೇಕು. ಅಂಟಿ ನಿಂತರೆ ಗಾಳಿ ಹೊರಗೆ ಹೋಗುತ್ತಿದೆ. ಕೆಳಗೆ ಬಿದ್ದರೆ ಆ ಫ್ಯಾನು ಬರೀ ಸದ್ದು ಮಾಡುತ್ತಿದೆ.