ಚಳಿಗಾಲದಲ್ಲಿ ನಾಯಿಗೂ ಬೇಕು ಕೆಲಸ

ಮಾಗಿಯ ಚಳಿ ಬಂತು ಅಂದರೆ ನಾವೆಲ್ಲ ಮುದುರಿಕೊಳ್ಳುತ್ತೇವೆ. ಹಾಸನ ಪಟ್ಟಣ ಸಮುದ್ರ ಮಟ್ಟದಿಂದ 3,000 ಅಡಿಗೂ ಹೆಚ್ಚು ಎತ್ತರದಲ್ಲಿದೆ. ಅದಕ್ಕೇ ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಬೆಳಗಿನ ಚಳಿ ಜೋರು. ಹೊಳೆನರಸೀಪುರದಲ್ಲಿ ಹೇಮಾವತಿ ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತದೆ. ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಿ ಇಬ್ಬನಿ ತೊಟ್ಟಿಕ್ಕುತ್ತದೆ. ಅರಕಲಗೂಡು ಕಡೆಯವರಿಗೆ ಆಷಾಢದ ಸೋನೆ ಮಳೆಯಲ್ಲೂ ಚಳಿಯೇ.

ನಾವು ಕಂಬಳಿ ಹೊದ್ದು ಮಲಗುತ್ತೇವೆ. ನಮ್ಮ ಮನೆಯ ನಾಯಿ ಏನು ಮಾಡುತ್ತದೆ?

ನಾಯಿ ಒಳಗೆ ಬಂತು

ಮೊದಲು ಈ ಕಾಲದಲ್ಲಿ ನಾಯಿಗೆ ಕೈತುಂಬ ಕೆಲಸ ಇರುತ್ತಿತ್ತು. ರಾಗಿ ಕೊಯ್ದು, ಮೆದೆ ಒಟ್ಟಿ, ಕಣ ಮಾಡುತ್ತಿದ್ದರು. ರಾತ್ರಿಯೆಲ್ಲ ಕಣ ಕಾಯಬೇಕಿತ್ತು. ಯಜಮಾನನ ಜೊತೆ ನಾಯಿಯೂ ಕಣದಲ್ಲೇ ಇರುತ್ತಿತ್ತು. ಓಡುತ್ತಿತ್ತು, ಬೊಗಳುತ್ತಿತ್ತು, ಇಲಿ ಹೆಗ್ಗಣ ಹಿಡಿಯುತ್ತಿತ್ತು.

ಈಗ ಅನೇಕ ಕಡೆ ರಾಗಿ ಕೊಯ್ಲಿಗೆ ಯಂತ್ರ ಬಂದಿದೆ. ಕಣ ಕಾಯುವುದು ಕಡಿಮೆಯಾಗಿದೆ. ಇನ್ನೊಂದು ಕಡೆ ಚಿರತೆಯ ಭಯ. ಕಲ್ಲುಗುಡ್ಡ, ಕುರುಚಲು ಕಾಡು ಇರುವ ಕಡೆ ಚಿರತೆ ಇರುತ್ತದೆ. ರಾತ್ರಿ ಹೊತ್ತು ಊರ ಹತ್ತಿರವೂ ಬರುತ್ತದೆ. ಅದಕ್ಕೆ ನಾಯಿ ಸುಲಭದ ತುತ್ತು. ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದ ನಾಯಿ ಓಡಿ ತಪ್ಪಿಸಿಕೊಳ್ಳಲೂ ಆಗದು.

ಹಾಗಾಗಿ ತುಂಬ ಜನ ನಾಯಿಯನ್ನು ಸಂಜೆಯೇ ಒಳಗೆ ಸೇರಿಸುತ್ತಾರೆ. ಇದು ಒಳ್ಳೆಯ ಕೆಲಸ. ಆದರೆ ಒಳಗೆ ಬಂದ ನಾಯಿ ಸುಮ್ಮನಿರುತ್ತದೆಯೇ? ಇಲ್ಲ. ಚಪ್ಪಲಿ ಕಡಿಯುತ್ತದೆ. ಕಂಬಳಿ ಹರಿಯುತ್ತದೆ. ನೆಲ ಕೆರೆಯುತ್ತದೆ. ಸುಮ್ಮಸುಮ್ಮನೆ ಬೊಗಳುತ್ತದೆ.

"ಥೂ, ಕೊಬ್ಬು ಬಂದದೆ ಇದಕ್ಕೆ" ಅಂತ ನಾವು ಕೋಲು ತಗೊಳ್ಳುತ್ತೇವೆ. ಕೆಲವರು ದೂರ ಒಯ್ದು ಬಿಟ್ಟುಬರುತ್ತಾರೆ. ಅದಕ್ಕೆ ಬಂದದ್ದು ಕೊಬ್ಬಲ್ಲ, ಬೇಜಾರು.

ಯಾಕೆ ಹೀಗೆ?

ನಾಯಿ ಹಿಂದಿನಿಂದಲೂ ಕೆಲಸ ಮಾಡಿ ಬಾಳಿದ ಪ್ರಾಣಿ. ಬೇಟೆ, ಕಾವಲು, ಕುರಿ ಮಂದೆ ಕಾಯುವುದು ಅದರ ಕಸುಬು.

ನಮ್ಮ ಪಕ್ಕದ ಮಂಡ್ಯ ಜಿಲ್ಲೆಯಲ್ಲೇ ಇದಕ್ಕೆ ಸಾಕ್ಷಿ ಇದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ಕಲ್ಲಿನ ಶಾಸನ ಸಿಕ್ಕಿತು. ಅದು ಸುಮಾರು ಕ್ರಿ.ಶ. 950ರದು. ಅದರಲ್ಲಿ ಕಾಳಿ ಎಂಬ ನಾಯಿಯ ಕಥೆ ಇದೆ. ಮಣಲೇರ ಎಂಬ ವೀರ ಯುದ್ಧದಲ್ಲಿ ಮೆಚ್ಚುಗೆ ಪಡೆದ. ಬಹುಮಾನವಾಗಿ ಅವನು ಬೇಡಿದ್ದು ಕಾಳಿಯನ್ನು. ಮುಂದೆ ಬೇಟೆಯಲ್ಲಿ ಕಾಳಿ ದೊಡ್ಡ ಹಂದಿಯ ಮೇಲೆ ಬಿತ್ತು. ಹೋರಾಟದಲ್ಲಿ ಎರಡೂ ಸತ್ತವು. ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದೆ.

ನಮ್ಮ ಮನೆಯ ಕರಿಯನೋ ರಾಜನೋ ಕೂಡ ಅದೇ ಜಾತಿಯ ಪ್ರಾಣಿ. ಅದಕ್ಕೆ ಹೊಟ್ಟೆ ಇರುವ ಹಾಗೆ ಮನಸ್ಸೂ ಇದೆ. ಹೊಟ್ಟೆಗೆ ಮುದ್ದೆ ಹಾಕುತ್ತೇವೆ. ಮನಸ್ಸಿಗೆ ಏನು ಹಾಕುತ್ತೇವೆ?

"ಅಯ್ಯೋ, ನಮಗೇ ಪುರುಸೊತ್ತಿಲ್ಲ. ನಾಯಿ ಆಡಿಸ್ಕೊಂಡು ಕೂರಾಕಾಯ್ತದಾ?" ಅಂತ ನೀವು ಕೇಳಬಹುದು. ದಿನವೆಲ್ಲ ಬೇಡ. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಕೊಟ್ಟು ನೋಡಿ. ದುಡ್ಡೂ ಬೇಡ. ಬೇಕಾದ ಸಾಮಾನು ಮನೆಯಲ್ಲೇ ಇದೆ.

ಮೂಗಿಗೆ ಕೆಲಸ ಕೊಡಿ

ನಾವು ಕಣ್ಣಿನಿಂದ ಲೋಕ ನೋಡುತ್ತೇವೆ. ನಾಯಿ ಮೂಗಿನಿಂದ ನೋಡುತ್ತದೆ. ವಾಸನೆ ಹಿಡಿದು ಹುಡುಕುವುದು ಅದಕ್ಕೆ ದೊಡ್ಡ ಕೆಲಸ. ಹುಡುಕಿ ಹುಡುಕಿ ದಣಿದ ನಾಯಿ ತಾನಾಗಿಯೇ ಮಲಗುತ್ತದೆ.

ಚಿಪ್ಪಿನ ಆಟ: ಮೂರು ತೆಂಗಿನ ಚಿಪ್ಪು ತಗೊಳ್ಳಿ. ಒಂದರ ಕೆಳಗೆ ಅಡಿಕೆ ಗಾತ್ರದ ಮುದ್ದೆ ಚೂರು ಇಟ್ಟು ಬೋರಲು ಹಾಕಿ. ಉಳಿದ ಎರಡನ್ನೂ ಹಾಗೇ ಬೋರಲು ಹಾಕಿ. "ಹುಡುಕು" ಅನ್ನಿ. ನಾಯಿ ಮೂಸಿ ನೋಡಿ ಸರಿಯಾದ ಚಿಪ್ಪನ್ನು ಉರುಳಿಸುತ್ತದೆ. ಆಟ ಮುಗಿದ ಮೇಲೆ ಚಿಪ್ಪು ಎತ್ತಿಡಿ. ಕಡಿದು ಚೂರು ನುಂಗಿದರೆ ಅಪಾಯ.

ಗೋಣಿಚೀಲದ ಆಟ: ಒಂದು ಹಳೆಯ ಗೋಣಿಚೀಲ ಹಾಸಿ. ಅದರ ಮೇಲೆ ಒಣ ರೊಟ್ಟಿ ಚೂರು ಹಾಕಿ. ಚಾಪೆಯ ಹಾಗೆ ಸುತ್ತಿಡಿ. ನಾಯಿ ಮೂಗಿನಿಂದ ತಳ್ಳಿ ತಳ್ಳಿ ಬಿಚ್ಚಿ ತಿನ್ನುತ್ತದೆ. ಗೊಬ್ಬರ, ಔಷಧಿ ತುಂಬಿದ್ದ ಚೀಲ ಮಾತ್ರ ಬಳಸಬೇಡಿ.

ಒಂದು ಮಾತು. ಆಟಕ್ಕೆ ಅಂತ ಬೇರೆ ಊಟ ಬೇಡ. ದಿನಾ ಹಾಕುವ ಊಟದಲ್ಲೇ ಸ್ವಲ್ಪ ತೆಗೆದಿಟ್ಟುಕೊಳ್ಳಿ.

ಮೈಗೆ ಕೆಲಸ ಕೊಡಿ

ಕರೆಯುವ ಆಟ: ಪಡಸಾಲೆಯ ಆ ತುದಿಗೆ ಒಬ್ಬರು, ಈ ತುದಿಗೆ ಒಬ್ಬರು ಕೂರಿ. ಒಬ್ಬರಾದ ಮೇಲೆ ಒಬ್ಬರು ಹೆಸರು ಹಿಡಿದು "ಬಾ" ಅಂತ ಕರೆಯಿರಿ. ಬಂದಾಗ ಬೆನ್ನು ಸವರಿ. ಹತ್ತು ಸಲ ಓಡಾಡಿದರೆ ಮೈ ಬಿಸಿಯಾಗುತ್ತದೆ. ಇದರಿಂದ ಇನ್ನೊಂದು ಲಾಭ. ಕರೆದ ಕೂಡಲೇ ಬರುವ ನಾಯಿ ರಸ್ತೆಯಲ್ಲಿ ಬಸ್ಸು ಲಾರಿಗೆ ಸಿಕ್ಕುವ ಭಯ ಕಡಿಮೆ.

ಎಳೆಯುವ ಆಟ: ಹಳೆಯ ಹತ್ತಿ ಸೀರೆಯನ್ನು ಮೂರು ಪಟ್ಟಿ ಹರಿಯಿರಿ. ಜಡೆ ಹೆಣೆದ ಹಾಗೆ ಹೆಣೆಯಿರಿ. ಎರಡೂ ತುದಿಗೆ ಗಂಟು ಹಾಕಿ. ಒಂದು ತುದಿ ನೀವು ಹಿಡಿಯಿರಿ, ಇನ್ನೊಂದು ನಾಯಿ ಹಿಡಿಯಲಿ. "ಬಿಡು" ಅಂದರೆ ಬಿಡಬೇಕು. ಬಿಡದಿದ್ದರೆ ನೀವು ಎಳೆಯುವುದನ್ನು ನಿಲ್ಲಿಸಿ ಸುಮ್ಮನೆ ಕೂರಿ. ಸುಮ್ಮನೆ ಕೂತವರ ಜೊತೆ ಆಟ ಇಲ್ಲ ಅಂತ ಅದಕ್ಕೆ ಬೇಗ ತಿಳಿಯುತ್ತದೆ.

ಮಾತು ಕಲಿಸಿ: "ಕೂರು", "ನಿಲ್ಲು", "ಬೇಡ" ಅನ್ನುವ ಮಾತು ಕಲಿಸಿ. ಮನೆಯವರೆಲ್ಲ ಒಂದೇ ಮಾತು ಬಳಸಬೇಕು. ಹೊಡೆದು ಕಲಿಸಬೇಡಿ. ಹೊಡೆತ ತಿಂದ ನಾಯಿ ಹೆದರುತ್ತದೆ. ಹೆದರಿದ ನಾಯಿಯೇ ಕಚ್ಚುವುದು.

ಮರಿಗೆ ಐದು ನಿಮಿಷದ ಆಟ ಸಾಕು. ಮುದಿ ನಾಯಿಗೆ ಓಟ ಬೇಡ, ಹುಡುಕುವ ಆಟ ಕೊಡಿ. ಚಳಿಯಲ್ಲಿ ಅದರ ಕೀಲುಗಳು ಹಿಡಿದುಕೊಂಡಿರುತ್ತವೆ. ಹೊಟ್ಟೆತುಂಬ ಉಂಡ ಕೂಡಲೇ ಯಾವ ನಾಯಿಯನ್ನೂ ಓಡಿಸಬೇಡಿ.

ಒಳಗೇ ಕೂಡಿಹಾಕಬೇಡಿ

ಆಟ ಆಡಿಸಿದೆವು ಅಂತ ಹಗಲೆಲ್ಲ ಕೂಡಿಹಾಕಬಾರದು. ಬಿಸಿಲು ಏರಿದ ಮೇಲೆ ಒಂದು ಸುತ್ತು ಕರೆದುಕೊಂಡು ಹೋಗಿ. ತೋಟಕ್ಕೋ ಡೈರಿಗೋ ಹೋಗುವಾಗ ಜೊತೆಗೆ ಬರಲಿ. ಅಲ್ಲಲ್ಲಿ ನಿಂತು ಮೂಸಲು ಬಿಡಿ. ನಮಗೆ ಪೇಪರ್ ಓದಿದ ಹಾಗೆ ಅದಕ್ಕೆ ಅದು.

ಮಲಗಲು ಜಾಗ

ತಣ್ಣನೆ ಸಿಮೆಂಟು ನೆಲದಲ್ಲಿ ಮಲಗಿಸಬೇಡಿ. ಗೋಣಿಚೀಲದಲ್ಲಿ ಒಣಹುಲ್ಲು ತುಂಬಿ ಹಾಸಿಗೆ ಮಾಡಿ. ಗಾಳಿ ನುಗ್ಗುವ ಬಾಗಿಲ ಬಳಿ ಬೇಡ, ಗೋಡೆ ಮೂಲೆಯಲ್ಲಿ ಇರಲಿ. ಆಗಾಗ ಬಿಸಿಲಿಗೆ ಹಾಕಿ ಕೊಡವಿ. ಇಲ್ಲದಿದ್ದರೆ ಉಣ್ಣೆ, ಚಿಗಟ ಸೇರುತ್ತವೆ. ಚಳಿಗಾಲದಲ್ಲೂ ಕುಡಿಯಲು ನೀರು ಇಡಿ.

ಒಂದು ಎಚ್ಚರಿಕೆ. ಚಳಿಗೆ ಅಂತ ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಬೇಡಿ. ಕೆಂಡದಿಂದ ವಿಷದ ಗಾಳಿ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದ ನಾಯಿಯೂ ಏಳುವುದಿಲ್ಲ, ಮಲಗಿದ ಮನುಷ್ಯರೂ ಏಳುವುದಿಲ್ಲ.

ಬೇಜಾರು ಬೇರೆ, ರೋಗ ಬೇರೆ

ಬೇಜಾರಾದ ನಾಯಿ ಆಟ ಆಡಿಸಿದರೆ ಸರಿಹೋಗುತ್ತದೆ. ಆದರೆ ಚೆನ್ನಾಗಿದ್ದ ನಾಯಿ ಇದ್ದಕ್ಕಿದ್ದಂತೆ ಬದಲಾದರೆ ಎಚ್ಚರ. ಊಟ ಬಿಡುವುದು, ಜೊಲ್ಲು ಸುರಿಸುವುದು, ದನಿ ಬದಲಾಗುವುದು, ತೂರಾಡುವುದು, ಸಿಕ್ಕಿದ್ದೆಲ್ಲ ಕಚ್ಚುವುದು ಹುಚ್ಚುನಾಯಿ ರೋಗದ ಲಕ್ಷಣ ಇರಬಹುದು. ಇದಕ್ಕೆ ರೇಬಿಸ್ ಅನ್ನುತ್ತಾರೆ. ಅಂಥ ನಾಯಿಯನ್ನು ಮುಟ್ಟಬೇಡಿ. ಪಶು ವೈದ್ಯರಿಗೆ ತಿಳಿಸಿ.

ನಾಯಿ ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಏನನ್ನೂ ಮೆತ್ತಬೇಡಿ. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಡಾಕ್ಟರು ಹೇಳಿದ ಎಲ್ಲ ಚುಚ್ಚುಮದ್ದೂ ಹಾಕಿಸಿಕೊಳ್ಳಿ. "ನಮ್ಮ ಮನೆ ನಾಯೇ ತಾನೆ" ಅಂತ ಸುಮ್ಮನಿರಬೇಡಿ. ರೋಗ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ.

ಈ ರೋಗಕ್ಕೆ ಫ್ರಾನ್ಸ್ ದೇಶದ ಲೂಯಿ ಪಾಶ್ಚರ್ 1885ರಲ್ಲಿ ಲಸಿಕೆ ಕೊಟ್ಟು ಒಬ್ಬ ಹುಡುಗನನ್ನು ಉಳಿಸಿದ. ಇಂದು ನಾಯಿಗೂ ಲಸಿಕೆ ಇದೆ. ಮರಿಗೆ ಮೂರು ತಿಂಗಳು ತುಂಬಿದಾಗ ಹಾಕಿಸಿ. ಮುಂದೆ ವೈದ್ಯರು ಹೇಳಿದಂತೆ ಮತ್ತೆ ಮತ್ತೆ ಹಾಕಿಸಿ. ಮನೆಯೊಳಗೆ, ಮಕ್ಕಳ ನಡುವೆ ಬೆಳೆಯುವ ನಾಯಿಗೆ ಇದು ಬೇಕೇ ಬೇಕು.

ನೆನಪಿಡಿ

ನಾಯಿ ಉಣ್ಣುವಾಗ, ಮಲಗಿರುವಾಗ ಮಕ್ಕಳು ಕೆಣಕಬಾರದು.
ಮಕ್ಕಳು ನಾಯಿ ಜೊತೆ ಆಡುವಾಗ ದೊಡ್ಡವರು ಹತ್ತಿರ ಇರಬೇಕು.
ಚಾಕಲೇಟು, ಈರುಳ್ಳಿ, ದ್ರಾಕ್ಷಿ ನಾಯಿಗೆ ವಿಷ. ಬೇಯಿಸಿದ ಮೂಳೆ ಗಂಟಲಿಗೆ ಚುಚ್ಚುತ್ತದೆ.
ದಿನಕ್ಕೆ ಎರಡು ಸಲ ಆಟ, ಬಿಸಿಲಲ್ಲಿ ಒಂದು ಸುತ್ತು, ರಾತ್ರಿ ಬೆಚ್ಚನೆಯ ಜಾಗ ಕೊಡಿ.

ಓದಿ, ಮಾತಾಡಿ

1. ನಿಮ್ಮ ಬೀದಿಯಲ್ಲಿ ರಾತ್ರಿ ಹೊರಗೆ ಕಟ್ಟಿರುವ ನಾಯಿ ಎಷ್ಟಿವೆ?
2. ನಿಮ್ಮ ನಾಯಿಗೆ ಲಸಿಕೆ ಹಾಕಿಸಿ ಎಷ್ಟು ದಿನವಾಯಿತು?
3. ಇಂದು ಸಂಜೆ ಚಿಪ್ಪಿನ ಆಟ ಆಡಿಸಿ. ನಾಯಿ ಎಷ್ಟನೇ ಸಲಕ್ಕೆ ಸರಿಯಾದ ಚಿಪ್ಪು ಹುಡುಕಿತು? ನಾಳೆ ಕಲಿಕಾ ಕೇಂದ್ರದಲ್ಲಿ ಹೇಳಿ.