ಅಣು ತ್ಯಾಜ್ಯವನ್ನು ಎಲ್ಲಿಡುತ್ತಾರೆ, ಹೇಗಿಡುತ್ತಾರೆ?

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ತಯಾರಾದ ವಿದ್ಯುತ್ತು 1902ರ ಜೂನ್‌ನಲ್ಲಿ ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ದೀಪ ಹತ್ತಿದ್ದು ಅದಾಗಿ ಮೂರು ವರ್ಷಕ್ಕೆ. ನಮ್ಮ ಕಾವೇರಿಯ ಬಲದಿಂದ ಗಣಿ ಆಳಕ್ಕೆ ಇಳಿಯುತ್ತಾ ಹೋಗಿ, ಕೊನೆಗೆ ಮೂರು ಕಿಲೋಮೀಟರನ್ನೂ ದಾಟಿತು. 1980ರ ದಶಕದಲ್ಲಿ ಅದೇ ಗಣಿಯ ಕೆಲಸ ನಿಂತಿದ್ದ ಒಂದು ಭಾಗಕ್ಕೆ, ಸುಮಾರು ಸಾವಿರ ಮೀಟರ್ ಕೆಳಕ್ಕೆ, ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಹೀಟರುಗಳನ್ನು ಇಳಿಸಿ ಬಂಡೆಯನ್ನು ಕಾಯಿಸತೊಡಗಿದರು. ಎಂಟು ವರ್ಷ ಆ ಪ್ರಯೋಗ ನಡೆಯಿತು.

ಅಲ್ಲಿ ಅಣು ತ್ಯಾಜ್ಯ ಇರಲಿಲ್ಲ, ಇದ್ದದ್ದು ಬರೀ ಶಾಖ. ಅಣು ಸ್ಥಾವರದ ಅತಿ ತೀವ್ರ ತ್ಯಾಜ್ಯ ದಶಕಗಟ್ಟಲೆ ತಾನಾಗಿಯೇ ಬಿಸಿಯಾಗಿರುತ್ತದೆ. ಅದನ್ನು ಬಂಡೆಯೊಳಗೆ ಹೂತರೆ ಬಂಡೆ ಬಿರಿಯುತ್ತದೆಯೇ, ಬಿರುಕಿನಲ್ಲಿ ನೀರು ಹರಿಯುತ್ತದೆಯೇ, ಎಷ್ಟು ಬಿಸಿಯನ್ನು ಕಲ್ಲು ತಡೆದುಕೊಳ್ಳುತ್ತದೆ ಎಂಬುದನ್ನು ಅಳೆಯಬೇಕಿತ್ತು. ಭಾರತದಲ್ಲಿ ಅಣು ತ್ಯಾಜ್ಯವನ್ನು ಆಳದಲ್ಲಿ ಹೂಳುವ ಮಾತು ಪ್ರಯೋಗದ ಹಂತಕ್ಕೆ ಬಂದದ್ದು ಹೀಗೆ, ನಮ್ಮ ರಾಜ್ಯದಲ್ಲೇ.

ಮಂಡ್ಯ ಜಿಲ್ಲೆಯಲ್ಲಿ ಅಣು ವಿದ್ಯುತ್ ಸ್ಥಾವರ ಇಲ್ಲ. ಆದರೆ ನಮ್ಮ ಪಂಪ್‌ಸೆಟ್ಟಿಗೆ ಬರುವ ಕರೆಂಟು ಹರಿಯುವ ಜಾಲಕ್ಕೆ ಉತ್ತರ ಕನ್ನಡದ ಕೈಗಾದ ವಿದ್ಯುತ್ತೂ ಸೇರಿರುತ್ತದೆ. ಅಲ್ಲಿ ತಲಾ 220 ಮೆಗಾವಾಟಿನ ನಾಲ್ಕು ರಿಯಾಕ್ಟರುಗಳಿವೆ. ಮೊದಲನೆಯದು 2000ದಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಶುರುಮಾಡಿದವು. ಕರೆಂಟು ಬಳಸುವ ನಮಗೆ ಅದರ ತ್ಯಾಜ್ಯದ ಲೆಕ್ಕ ಕೇಳುವ ಹಕ್ಕೂ ಇದೆ, ತಿಳಿದುಕೊಳ್ಳುವ ಹೊಣೆಯೂ ಇದೆ.

ಕೈಗಾದ ಇಂಧನ ನೋಡಲು ದೊಡ್ಡದೇನಲ್ಲ. ಸುಮಾರು ಅರ್ಧ ಮೀಟರ್ ಉದ್ದದ 19 ಲೋಹದ ಕೊಳವೆಗಳನ್ನು ಒಟ್ಟು ಸೇರಿಸಿದ ಒಂದು ಕಟ್ಟು; ತೂಕ ಸುಮಾರು 16 ಕೆ.ಜಿ. ಕೊಳವೆಯೊಳಗೆ ಯುರೇನಿಯಂ ಆಕ್ಸೈಡಿನ ಬಿಲ್ಲೆಗಳು. ಒಂದು ರಿಯಾಕ್ಟರಿನಲ್ಲಿ ಇಂಥ 3,672 ಕಟ್ಟುಗಳಿರುತ್ತವೆ. ಪೂರ್ಣ ಸಾಮರ್ಥ್ಯದಲ್ಲಿ ಓಡುವಾಗ ದಿನಕ್ಕೆ ಸರಾಸರಿ ಎಂಟು ಕಟ್ಟು ಹೊರಬರುತ್ತವೆ, ಅಷ್ಟೇ ಹೊಸವು ಒಳಹೋಗುತ್ತವೆ. ಕಲ್ಲಿದ್ದಲಿನ ಸ್ಥಾವರದ ಬೂದಿಗುಡ್ಡ ಕಂಡವರಿಗೆ ಇದು ಏನೂ ಅಲ್ಲ ಅನ್ನಿಸಬಹುದು. ಇಲ್ಲಿ ತೊಂದರೆ ಗಾತ್ರದ್ದಲ್ಲ. ಹೊಸ ಕಟ್ಟನ್ನು ಕೆಲಸಗಾರರು ಕೈಗವಸು ಹಾಕಿಕೊಂಡು ಎತ್ತಬಹುದು. ಹೊರಬಂದ ಕಟ್ಟಿನ ಪಕ್ಕ ತಡೆಯಿಲ್ಲದೆ ನಿಂತವರಿಗೆ ಸ್ವಲ್ಪ ಹೊತ್ತಿನಲ್ಲೇ ಪ್ರಾಣಕ್ಕೆ ಕುತ್ತು ಬರುತ್ತದೆ.

ಆದ್ದರಿಂದ ಹೊರಬಂದ ಕಟ್ಟು ಮನುಷ್ಯರ ಕೈಗೆ ಸಿಗದಂತೆ ಯಂತ್ರದ ಮೂಲಕವೇ ನೇರ ನೀರಿನ ಕೊಳಕ್ಕೆ ಹೋಗುತ್ತದೆ. ನೀರು ಬಿಸಿಯನ್ನೂ ಎಳೆದುಕೊಳ್ಳುತ್ತದೆ, ವಿಕಿರಣವನ್ನೂ ತಡೆಯುತ್ತದೆ. ಕೆಲವು ಮೀಟರ್ ನೀರು ಮೇಲಿದ್ದರೆ ಕೊಳದ ದಂಡೆಯಲ್ಲಿ ಜನ ಓಡಾಡಿಕೊಂಡು ಕೆಲಸ ಮಾಡಬಹುದು. ವರ್ಷಗಟ್ಟಲೆ ಅಲ್ಲೇ ತಣಿದ ಮೇಲೆ ಮುಂದಿನ ದಾರಿ.

ಮುಂದಿನ ದಾರಿಯಲ್ಲಿ ದೇಶದೇಶಕ್ಕೂ ವ್ಯತ್ಯಾಸವಿದೆ. ಅಮೆರಿಕ, ಫಿನ್ಲೆಂಡ್ ಬಳಸಿದ ಇಂಧನವನ್ನು ಇಡಿಯಾಗಿ ತ್ಯಾಜ್ಯವೆಂದೇ ಎಣಿಸುತ್ತವೆ. ಭಾರತದ ನೀತಿ ಬೇರೆ. ನಮ್ಮ ಆಲೆಮನೆಗಳಲ್ಲಿ ಹಾಲು ಹಿಂಡಿದ ಕಬ್ಬಿನ ಸಿಪ್ಪೆಯನ್ನು ಒಣಗಿಸಿ ಕೊಪ್ಪರಿಗೆಯ ಒಲೆಗೇ ತಳ್ಳುವುದಿಲ್ಲವೇ, ಆ ಲೆಕ್ಕ. ಕೈಗಾದಂಥ ರಿಯಾಕ್ಟರಿನಿಂದ ಹೊರಬಂದ ಇಂಧನದಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಪಾಲು ಇನ್ನೂ ಯುರೇನಿಯಮ್ಮೇ. ಸ್ವಲ್ಪ ಪ್ಲುಟೋನಿಯಂ ಹುಟ್ಟಿಕೊಂಡಿರುತ್ತದೆ; ಅದೂ ಮತ್ತೆ ಇಂಧನವಾಗುತ್ತದೆ. ಪರಮಾಣು ಒಡೆದು ಹುಟ್ಟಿದ ನಿಜವಾದ ಕಸ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ಆ ಒಂದು ಪಾಲಿನಲ್ಲೇ ಬಹುಪಾಲು ವಿಕಿರಣ ಅಡಗಿದೆ.

ಬೇರ್ಪಡಿಸುವ ಕೆಲಸ ಟ್ರಾಂಬೆ, ತಾರಾಪುರ ಮತ್ತು ಕಲ್ಪಾಕ್ಕಂನ ಮರುಸಂಸ್ಕರಣಾ ಘಟಕಗಳದ್ದು. ಟ್ರಾಂಬೆಯದು 1964ರಷ್ಟು ಹಳೆಯದು. ದಪ್ಪ ಗೋಡೆಗಳ ಹಿಂದೆ, ಯಂತ್ರದ ಕೈಗಳಿಂದ ಕಟ್ಟನ್ನು ಚೂರು ಮಾಡಿ ನೈಟ್ರಿಕ್ ಆಮ್ಲದಲ್ಲಿ ಕರಗಿಸುತ್ತಾರೆ. ಎಣ್ಣೆಯಂಥ ಒಂದು ದ್ರಾವಕ ಆ ಆಮ್ಲದಿಂದ ಯುರೇನಿಯಂ, ಪ್ಲುಟೋನಿಯಮ್ಮನ್ನು ಎಳೆದುಕೊಳ್ಳುತ್ತದೆ. ಉಳಿದ ಆಮ್ಲವೇ ಅತಿ ತೀವ್ರ ತ್ಯಾಜ್ಯ. ತಣಿಸುವ ವ್ಯವಸ್ಥೆಯಿರುವ ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕುಗಳಲ್ಲಿ ಅದನ್ನು ತುಂಬಿಡುತ್ತಾರೆ. ನನಗೆ ಅತಿ ಹೆಚ್ಚು ಆತಂಕ ತರುವ ಹಂತ ಇದು. ದ್ರವವಾಗಿರುವಷ್ಟು ದಿನ ಸೋರುವ ಭಯ ತಪ್ಪದು.

ಆ ಭಯ ಕಳೆಯಲು ಅದನ್ನು ಗಾಜು ಮಾಡುತ್ತಾರೆ. ದ್ರವದ ನೀರನ್ನು ಆವಿಯಾಗಿಸಿ, ಉಳಿದದ್ದಕ್ಕೆ ಗಾಜಿನ ಸಾಮಗ್ರಿ ಬೆರೆಸಿ ಸುಮಾರು ಸಾವಿರ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗಿಸಿ, ಉಕ್ಕಿನ ಡಬ್ಬಿಗೆ ಸುರಿದು ಮುಚ್ಚಳವನ್ನು ವೆಲ್ಡಿಂಗ್ ಮಾಡುತ್ತಾರೆ. ಬಳಸುವುದು ಬೋರೋಸಿಲಿಕೇಟ್ ಗಾಜು. ಪ್ರಯೋಗಶಾಲೆಯ ಪಾತ್ರೆಗಳ ಜಾತಿಯದೇ. ವಿಕಿರಣ ಧಾತು ಈ ಗಾಜಿನ ಮೇಲೆ ಬಳಿದ ಬಣ್ಣದಂತೆ ಕೂತಿರುವುದಿಲ್ಲ. ಗಾಜಿನ ರಚನೆಯೊಳಗೇ ಬೆಸೆದುಹೋಗಿರುತ್ತದೆ. ಡಬ್ಬಿ ತುಕ್ಕು ಹಿಡಿದರೂ, ಗಾಜು ಒಡೆದರೂ, ನೀರು ತಾಗಿದರೂ ಅದು ಬಿಟ್ಟುಕೊಡುವುದು ಬಹಳ ನಿಧಾನ. ತಾರಾಪುರದಲ್ಲಿ 1980ರ ದಶಕದಿಂದ ಈ ಕೆಲಸ ನಡೆಯುತ್ತಿದೆ, ಆಮೇಲೆ ಟ್ರಾಂಬೆ ಮತ್ತು ಕಲ್ಪಾಕ್ಕಂನಲ್ಲೂ. ತಯಾರಾದ ಡಬ್ಬಿಗಳನ್ನು ತಾರಾಪುರದಲ್ಲಿ ನೆಲಮಟ್ಟಕ್ಕಿಂತ ಕೆಳಗಿನ ಕಾಂಕ್ರೀಟ್ ಕೋಣೆಗಳಲ್ಲಿ ಸಾಲಾಗಿ ಇಟ್ಟಿದ್ದಾರೆ. ಅಲ್ಲಿ ಫ್ಯಾನು, ಪಂಪು ಯಾವುದರ ಹಂಗೂ ಇಲ್ಲ. ಬಿಸಿಗಾಳಿ ತಾನಾಗಿ ಮೇಲೇರಿ ಹೊಗೆಗೊಳವೆಯಲ್ಲಿ ಹೊರಹೋಗುತ್ತದೆ, ತಣ್ಣನೆ ಗಾಳಿ ಕೆಳಗಿಂದ ಒಳಬರುತ್ತದೆ. ಕರೆಂಟು ಹೋದರೂ ತಣಿಸುವುದು ನಿಲ್ಲದಂಥ ಈ ಏರ್ಪಾಡು ನಮ್ಮ ಎಂಜಿನಿಯರುಗಳ ಒಳ್ಳೆಯ ಕೆಲಸಗಳಲ್ಲೊಂದು.

ಈ ತ್ಯಾಜ್ಯದಿಂದಲೂ ಕೆಲವು ಉಪಯೋಗ ತೆಗೆದಿದ್ದಾರೆ. ಸೀಸಿಯಂ-137ನ್ನು ಬೇರ್ಪಡಿಸಿ ಗಾಜಿನ ಪೆನ್ಸಿಲುಗಳನ್ನಾಗಿ ಮಾಡಿ ರಕ್ತನಿಧಿಗಳಲ್ಲಿ ರಕ್ತಕ್ಕೆ ವಿಕಿರಣ ಕೊಡುವ ಯಂತ್ರಗಳಿಗೆ ಒದಗಿಸುತ್ತಾರೆ. ರುಥೇನಿಯಂ-106 ಕಣ್ಣಿನ ಕ್ಯಾನ್ಸರ್ ಚಿಕಿತ್ಸೆಗೆ ಒದಗುತ್ತದೆ.

ಇನ್ನು ಕೈಗಾದ ಆವರಣದಲ್ಲೇ ಉಳಿಯುವ ತ್ಯಾಜ್ಯ. ಕೈಗವಸು, ಒರೆಸಿದ ಹತ್ತಿಬಟ್ಟೆ, ಫಿಲ್ಟರು, ನೀರು ಶುದ್ಧಮಾಡುವ ರಾಳ, ಕಿತ್ತ ವಾಲ್ವು ಇಂಥವು. ಗಾತ್ರದಲ್ಲಿ ಇವೇ ಹೆಚ್ಚು, ತೀವ್ರತೆಯಲ್ಲಿ ಕಡಿಮೆ. ಸುಡಬಹುದಾದ್ದನ್ನು ಸುಟ್ಟು, ಒತ್ತಬಹುದಾದ್ದನ್ನು ಒತ್ತಿ, ರಾಳ ಮತ್ತು ಕೆಸರನ್ನು ಸಿಮೆಂಟಿನಲ್ಲಿ ಕಲಸಿ ಗಟ್ಟಿಮಾಡುತ್ತಾರೆ. ಬಳಿಕ ತೀವ್ರತೆ ನೋಡಿಕೊಂಡು ಮೂರು ಬಗೆಯಲ್ಲಿ ಹೂಳುತ್ತಾರೆ: ತೀರಾ ಕಡಿಮೆಯದಕ್ಕೆ ಕಲ್ಲುಕಟ್ಟಡದ ಗುಂಡಿ, ಅದಕ್ಕಿಂತ ಹೆಚ್ಚಿನದಕ್ಕೆ ಕಾಂಕ್ರೀಟ್ ಕಂದಕ, ಇನ್ನೂ ಹೆಚ್ಚಿನದಕ್ಕೆ ನೆಲದೊಳಗೆ ನೆಟ್ಟ ಉಕ್ಕಿನ ಕೊಳವೆ ಬಾವಿ. ಸುತ್ತ ಕೊರೆದ ಬೋರ್‌ವೆಲ್ಲುಗಳಿಂದ ಆಗಾಗ ನೀರು ತೆಗೆದು ಪರೀಕ್ಷೆ ಮಾಡುತ್ತಾರೆ. ಇಂಥ ಜಾಗಗಳನ್ನು ಮುಚ್ಚಿದ ಮೇಲೂ ಸುಮಾರು 300 ವರ್ಷ ಕಣ್ಗಾವಲಿನಲ್ಲಿ ಇಡಬೇಕೆಂಬ ಲೆಕ್ಕವಿದೆ. ಸೀಸಿಯಂ-137ರ ಅರ್ಧಾಯುಷ್ಯ, ಅಂದರೆ ಅದು ಕ್ಷಯಿಸಿ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, 30 ವರ್ಷ. ಹತ್ತು ಅರ್ಧಾಯುಷ್ಯ ಕಳೆದರೆ ಸಾವಿರಕ್ಕೆ ಒಂದು ಪಾಲಷ್ಟೇ ಉಳಿಯುತ್ತದೆ. 300 ಬಂದದ್ದು ಹಾಗೆ.

ಆದರೆ ಪ್ಲುಟೋನಿಯಂ-239ರ ಅರ್ಧಾಯುಷ್ಯ 24 ಸಾವಿರ ವರ್ಷದ ಮೇಲೆ. ಮರುಸಂಸ್ಕರಣೆಯಲ್ಲಿ ಎಷ್ಟೇ ಸೋಸಿದರೂ ಇಂಥ ದೀರ್ಘಾಯುಷಿ ಧಾತುಗಳು ಗಾಜಿನಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತವೆ. ಅಷ್ಟು ಕಾಲ ಕಾವಲು ಕಾಯುವ ಸರ್ಕಾರ ಯಾವುದೂ ಇಲ್ಲ. ಅದಕ್ಕೇ ಆಳದ ಬಂಡೆಯ ಮಾತು. ಫಿನ್ಲೆಂಡಿನ ಓಲ್ಕಿಲುವೊಟೊದಲ್ಲಿ ಸುಮಾರು 430 ಮೀಟರ್ ಕೆಳಗೆ, 190 ಕೋಟಿ ವರ್ಷ ಹಳೆಯ ಬಂಡೆಯಲ್ಲಿ ಸುರಂಗ ತೋಡಿದ್ದಾರೆ. ತಾಮ್ರದ ಡಬ್ಬಿಯನ್ನು ಬೆಂಟೊನೈಟ್ ಜೇಡಿಯಿಂದ ಸುತ್ತುವರಿಸಿ ಇಡುವ ಯೋಜನೆ. ನೀರು ತಾಗಿದರೆ ಆ ಜೇಡಿ ಉಬ್ಬಿ ಸಂದು ಮುಚ್ಚುತ್ತದೆ. ಆಳದಲ್ಲಿ ಇಟ್ಟದ್ದು ಅಲ್ಲೇ ಇರುತ್ತದೆಯೇ ಎಂಬ ಪ್ರಶ್ನೆಗೆ ಪ್ರಕೃತಿಯೇ ಒಂದು ಸಾಕ್ಷ್ಯ ಇಟ್ಟಿದೆ. ಆಫ್ರಿಕದ ಗಬಾನ್ ದೇಶದ ಓಕ್ಲೊದಲ್ಲಿ ಸುಮಾರು 200 ಕೋಟಿ ವರ್ಷಗಳ ಹಿಂದೆ ಯುರೇನಿಯಂ ಅದಿರು ತಾನಾಗಿ ರಿಯಾಕ್ಟರಿನಂತೆ ಉರಿದಿತ್ತು. ಅಲ್ಲಿ ಹುಟ್ಟಿದ ಪ್ಲುಟೋನಿಯಂ ಇದ್ದ ಜಾಗದಿಂದ ಹೆಚ್ಚು ಕದಲದೆ ಕ್ಷಯಿಸಿಹೋಗಿದೆ.

ಕೋಲಾರದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. 2012ರ ನವೆಂಬರ್‌ನಲ್ಲಿ ತಮಿಳುನಾಡಿನ ಕೂಡಂಕುಳಂ ಅಣು ಸ್ಥಾವರದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿದ್ದಾಗ, ತ್ಯಾಜ್ಯ ಹೂಳುವ ಜಾಗವೆಂದು ಕೋಲಾರದ ಹೆಸರು ಕೇಳಿಬಂತು. ಗಣಿಯ ಊರಾದ ಕೆಜಿಎಫ್‌ನ ಜನ ಬೀದಿಗಿಳಿದರು. ಅಂಥ ಪ್ರಸ್ತಾವ ಇಲ್ಲವೆಂದು ಕೇಂದ್ರ ಆಮೇಲೆ ಹೇಳಿತು. ಜನರ ಸಿಟ್ಟು ನ್ಯಾಯವಾದದ್ದು. ವಿಜ್ಞಾನದ ಕಣ್ಣಲ್ಲಿ ನೋಡಿದರೂ ನೂರು ವರ್ಷ ಅಗೆದು ಜಾಲರಿಯಾಗಿರುವ, ನೀರು ತುಂಬಿದ, ಬಂಡೆ ಸಿಡಿತಕ್ಕೆ ಹೆಸರಾದ ಗಣಿ ಇದಕ್ಕೆ ತಕ್ಕ ಜಾಗವಲ್ಲ. ಬೇಕಾದದ್ದು ಯಾರೂ ಕೊರೆಯದ, ಬಿರುಕಿಲ್ಲದ, ಒಣ ಬಂಡೆ.

2013ರ ಮೇ 6ರಂದು ಬಂದ ತೀರ್ಪಿನಲ್ಲಿ, ಆಳದ ಶಾಶ್ವತ ಹೂಳುತಾಣಕ್ಕೆ ಆದಷ್ಟು ಬೇಗ ಕ್ರಮ ಕೈಗೊಳ್ಳಿ ಎಂದು ಕೋರ್ಟು ಹೇಳಿತು. ಅಣು ಶಕ್ತಿ ಇಲಾಖೆಯ ವಾದವೆಂದರೆ ಮರುಸಂಸ್ಕರಣೆಯಿಂದ ತ್ಯಾಜ್ಯ ಬಹಳ ಕಡಿಮೆ, ಸದ್ಯಕ್ಕೆ ಅಂಥ ತಾಣದ ಅವಸರವಿಲ್ಲ. ಗಾಜಿನ ಡಬ್ಬಿ ಹೇಗೂ ಮೂವತ್ತು ನಲವತ್ತು ವರ್ಷ ತಣಿಯಬೇಕು ಎಂಬುದು ನಿಜ. ಆದರೆ ಜಾಗ ಹುಡುಕಿ, ಜನರನ್ನು ಒಪ್ಪಿಸಿ, ಸುರಂಗ ತೋಡುವುದಕ್ಕೂ ಅಷ್ಟೇ ವರ್ಷ ಬೇಕು. ಫಿನ್ಲೆಂಡ್ ಜಾಗ ಹುಡುಕತೊಡಗಿದ್ದು 1980ರ ದಶಕದಲ್ಲಿ. ನಮ್ಮಲ್ಲಿ ಆ ದಶಕದಲ್ಲೇ ಸಾಹಿತಿ ಶಿವರಾಮ ಕಾರಂತರು ಕೈಗಾ ಸ್ಥಾವರ ವಿರೋಧಿಸಿ 1989ರಲ್ಲಿ ಲೋಕಸಭಾ ಚುನಾವಣೆಗೇ ನಿಂತರು. ಸ್ಥಾವರ ಬಂದಾಗಿದೆ, ತ್ಯಾಜ್ಯದ ಕೊನೆಯ ತಾಣ ಮಾತ್ರ ಇಂದಿಗೂ ಗೊತ್ತಾಗಿಲ್ಲ. ಇದನ್ನು ಮುಚ್ಚಿಟ್ಟು ನಿರ್ಧರಿಸುವ ಬದಲು ಜನರ ಮುಂದಿಟ್ಟು ಚರ್ಚಿಸಬೇಕು.

ಮಂಡ್ಯ, ಮದ್ದೂರು, ಮಳವಳ್ಳಿಯವರಿಗೆ ವಿಕಿರಣ ತ್ಯಾಜ್ಯ ನೇರವಾಗಿ ಎದುರಾಗುವುದಿದ್ದರೆ ಅದು ಕೈಗಾದಿಂದ ಬರುವುದಲ್ಲ, ಆಸ್ಪತ್ರೆ ಮತ್ತು ಕಾರ್ಖಾನೆಗಳ ಕಡೆಯಿಂದ. ಥೈರಾಯ್ಡ್ ಕ್ಯಾನ್ಸರಿಗೆ ದೊಡ್ಡ ಆಸ್ಪತ್ರೆಗಳಲ್ಲಿ ಅಯೋಡಿನ್-131 ಕೊಡುತ್ತಾರೆ. ಅದರ ಅರ್ಧಾಯುಷ್ಯ 8 ದಿನ. ಒಳರೋಗಿಯ ಮಲಮೂತ್ರ ಬೇರೆ ಟ್ಯಾಂಕಿನಲ್ಲಿ ನಿಂತು, ವಿಕಿರಣ ಇಳಿದ ಮೇಲೆಯೇ ಚರಂಡಿ ಸೇರುತ್ತದೆ. ಮನೆಗೆ ಬಂದವರು ವೈದ್ಯರು ಹೇಳಿದಷ್ಟು ದಿನ ಮಕ್ಕಳು, ಬಸುರಿಯರಿಂದ ದೂರ ಮಲಗಿ, ಟವೆಲ್ಲು, ತಟ್ಟೆ ಬೇರೆ ಇಟ್ಟುಕೊಂಡು, ಶೌಚಾಲಯಕ್ಕೆ ಎರಡು ಸಲ ನೀರು ಬಿಟ್ಟರೆ ಸಾಕು.

ಕಾರ್ಖಾನೆಗಳ ವಿಷಯ ಇನ್ನೂ ಗಂಭೀರ. ಬಾಯ್ಲರು, ಪೈಪುಗಳ ವೆಲ್ಡಿಂಗ್ ಪರೀಕ್ಷಿಸಲು ಇರಿಡಿಯಂ-192 ತುಂಬಿದ ಉಪಕರಣ ಬಳಸುವ ಪದ್ಧತಿಯಿದೆ. ಕ್ಯಾನ್ಸರ್ ಚಿಕಿತ್ಸೆಯ ಯಂತ್ರಗಳಲ್ಲಿ ಕೋಬಾಲ್ಟ್-60 ಇರುತ್ತದೆ. ಇವಕ್ಕೆ ಅಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ಬಳಕೆ ಮುಗಿದ ವಿಕಿರಣ ಮೂಲವನ್ನು ಮಂಡಳಿ ಒಪ್ಪಿದ ಸಂಸ್ಥೆಗೇ ವಾಪಸು ಕಳಿಸಬೇಕು, ಗುಜರಿಗೆ ಹಾಕುವಂತಿಲ್ಲ. ಈ ನಿಯಮ ತಪ್ಪಿದಾಗ ಏನಾಗುತ್ತದೆ ಎಂಬುದನ್ನು 2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆ ಕಂಡಿತು. ದೆಹಲಿ ವಿಶ್ವವಿದ್ಯಾಲಯ 1985ರಿಂದ ಬಳಸದೆ ಬಿಟ್ಟಿದ್ದ ಯಂತ್ರವನ್ನು ಹರಾಜು ಹಾಕಿತ್ತು. ಒಳಗಿನ ಕೋಬಾಲ್ಟ್-60ರ ಕಡ್ಡಿಗಳನ್ನು ಅರಿಯದೆ ಬಿಡಿಸಿದರು. ಒಬ್ಬ ವ್ಯಾಪಾರಿ ಚೂರೊಂದನ್ನು ಪರ್ಸಿನಲ್ಲಿ ಇಟ್ಟುಕೊಂಡು ಓಡಾಡಿದ. ಹಲವರು ಆಸ್ಪತ್ರೆ ಸೇರಿದರು, ಒಬ್ಬ ಕೆಲಸಗಾರ ತೀರಿಕೊಂಡ. 1987ರಲ್ಲಿ ಬ್ರೆಜಿಲಿನ ಗೊಯಾನಿಯಾದಲ್ಲಿ ಗುಜರಿಗೆ ಬಂದ ಸೀಸಿಯಮ್ಮಿನ ಹೊಳೆಯುವ ಪುಡಿಯನ್ನು ಮನೆಮನೆಗೆ ಹಂಚಿಕೊಂಡಿದ್ದರು; ನಾಲ್ವರು ಸತ್ತರು, 249 ಮಂದಿಗೆ ವಿಕಿರಣ ಧಾತು ಅಂಟಿತ್ತು.

ಆದ್ದರಿಂದ ಗುಜರಿ ಅಂಗಡಿಯವರಲ್ಲಿ, ಹಳೆಯ ಯಂತ್ರ ಬಿಚ್ಚುವ ಮೆಕ್ಯಾನಿಕ್ಕುಗಳಲ್ಲಿ ಒಂದು ಕೋರಿಕೆ. ಹಳದಿ ಹಿನ್ನೆಲೆಯಲ್ಲಿ ಕಪ್ಪು ಮೂರು ರೆಕ್ಕೆಯ ಚಿಹ್ನೆ ಕಂಡರೆ, ಅಥವಾ ಗಾತ್ರಕ್ಕೆ ಮೀರಿ ಭಾರವಾದ ಸೀಸದ ಡಬ್ಬಿ ಬಂದರೆ, ಸೀಸದ ಬೆಲೆಗೆ ಆಸೆಪಟ್ಟು ಒಡೆಯಬೇಡಿ, ಗ್ಯಾಸ್ ಕಟರ್ ಹಚ್ಚಬೇಡಿ. ವಿಕಿರಣಕ್ಕೆ ವಾಸನೆಯಿಲ್ಲ, ಮುಟ್ಟಿದ ತಕ್ಷಣ ನೋವೂ ಆಗುವುದಿಲ್ಲ; ವಾಂತಿ, ಚರ್ಮ ಸುಟ್ಟಂಥ ಗಾಯ ಆಮೇಲೆ ಕಾಣಿಸಿಕೊಳ್ಳುತ್ತವೆ. ಇದ್ದಲ್ಲೇ ಬಿಟ್ಟು, ಜನರನ್ನು ದೂರ ಸರಿಸಿ, 112ಕ್ಕೆ ಫೋನ್ ಮಾಡಿ, ಜಿಲ್ಲಾಡಳಿತಕ್ಕೆ ತಿಳಿಸಿ. ಯಾರಾದರೂ ಅದನ್ನು ಈಗಾಗಲೇ ಮುಟ್ಟಿದ್ದರೆ ಬಟ್ಟೆ ಬಿಚ್ಚಿಸಿ ಚೀಲದಲ್ಲಿ ಕಟ್ಟಿಡಿ, ಮೈಕೈ ಸೋಪು ಹಾಕಿ ತೊಳೆಸಿ, ಆಸ್ಪತ್ರೆಯಲ್ಲಿ ವೈದ್ಯರಿಗೆ ಮೊದಲ ಮಾತಿನಲ್ಲೇ ಆ ಡಬ್ಬಿಯ ವಿಷಯ ಹೇಳಿ.