ಶ್ವಾನಾರ್ಬುದ ವಿಚಾರ

ಸುಶ್ರುತಸಂಹಿತೆಯ ನಿದಾನಸ್ಥಾನವು ಅರ್ಬುದವನ್ನು ದುಂಡಾದ, ಸ್ಥಿರವಾದ, ಆಳವಾಗಿ ಬೇರೂರಿ ಮೆಲ್ಲನೆ ಬೆಳೆಯುವ, ಕೀವುಗೂಡದ ಗಂತಿಯೆಂದು ನಿರೂಪಿಸುತ್ತದೆ. ಸಾಕುನಾಯಿಯ ಮೈಯಲ್ಲಿ ಇಂತಹುದು ಕಂಡರೆ ಉಪೇಕ್ಷಿಸಲಾಗದು. ಆದರೆ ಸ್ಪರ್ಶಮಾತ್ರದಿಂದ ನಿರ್ಣಯವು ಸಲ್ಲದು; ಮೃದುವಾಗಿ ಅಲುಗುವ ಗಂಟೂ ಮಾರಕವಾಗಿರುವುದುಂಟು. ಸೂಜಿಯಿಂದ ಸೆಳೆದ ಜೀವಕೋಶಗಳ ಸೂಕ್ಷ್ಮದರ್ಶಕ ಪರೀಕ್ಷೆಯೇ ಮೊದಲ ಪ್ರಮಾಣ. 1958ರಲ್ಲಿ ಹೆಬ್ಬಾಳದಲ್ಲಿ ಸ್ಥಾಪಿತವಾದ ಪಶುವೈದ್ಯ ಮಹಾವಿದ್ಯಾಲಯದಲ್ಲಿ ಅದಕ್ಕೆ ಅನುಕೂಲವುಂಟು.

ನಾಯಿಗಳಲ್ಲಿ ಸಂಗಮದಿಂದ ಹರಡುವ ಅರ್ಬುದಕ್ಕೆ ವಾರಕ್ಕೊಮ್ಮೆ ಸಿರೆಯಲ್ಲಿ ಕೊಡುವ ವಿನ್‌ಕ್ರಿಸ್ಟೀನ್ ಬಹುಮಟ್ಟಿಗೆ ಸಿದ್ಧೌಷಧ. ಅದರ ಮೂಲವು ಅಂಗಳದ ನಿತ್ಯಪುಷ್ಪ. ಆದರೂ ಎಲೆಯ ರಸವನ್ನು ಕುಡಿಸುವುದು ವಿಷಪ್ರಯೋಗವೇ ಸರಿ. ಘನವಾದ ಇತರ ಗಂತಿಗಳಿಗೆ ಪ್ರಾಯಶಃ ಶಸ್ತ್ರವೇ ಗತಿ. ಶೇಷವುಳಿದ ಅರ್ಬುದವು ಮರಳಿ ಹುಟ್ಟುವುದೆಂದು ಚಿಕಿತ್ಸಾಸ್ಥಾನವು ಎಚ್ಚರಿಸಿದೆ. ಇಂದಿನ ಶಸ್ತ್ರವೈದ್ಯರೂ ಸುತ್ತಣ ಸ್ವಸ್ಥಮಾಂಸದ ಅಂಚುಸಹಿತ ಛೇದಿಸುವರು. ವಿಳಂಬವಾದಷ್ಟೂ ಆ ಅಂಚು ದೊರೆಯುವುದು ದುರ್ಲಭ.